ಕುರ್ಚಿ, ಹೂವು, ರೈಲು

ನನ್ನ ಅರ್ಧ ದೇಹ ಬಾತ್‌ರೂಮಿನ ಒಳಗಿತ್ತು. ಇನ್ನರ್ಧ ಕಿಟಕಿಯ ಹೊರಗೆ.

ಹೊರಗಿನ ಅರ್ಧವನ್ನು ಬೀರು ಹಿಡಿದುಕೊಂಡಿದ್ದ!

ಬೀರು ಅಂದರೆ ಬಟ್ಟೆ ಇಡೋ ಬೀರು ಅಲ್ಲ, ಮನುಷ್ಯ. ಅಗಲದಲ್ಲಿ, ಎತ್ತರದಲ್ಲಿ, ತೂಕದಲ್ಲಿ ಅದಕ್ಕೆ ಸಮ ಅಂತ ಆ ಹೆಸರು. ಬಾಕ್ಸಿಂಗ್ ಪಂದ್ಯ ನಡೆಸೋ ಬಾಸ್‌ನ ಬಂಟ. ಒಂದು ಕಾಲದಲ್ಲಿ ತಾನೂ ಬಾಕ್ಸರ್ ಆಗಿದ್ದವನು. ಈಗ ನನ್ನಂಥವರನ್ನು ಒಳಗೆ ಬಿಡದೇ ಇರೋದು ಅವನ ಕೆಲಸ.

"ಇಳಿಯೋ ಕೆಳಗೆ!"

"ಒಳಗೆ ಹೋಗ್ತಿದೀನಿ ಕಣಯ್ಯಾ, ಕಾಣಲ್ವಾ?"

"ನಿನ್ನ ಒಳಗೆ ಬಿಡಬೇಡ ಅಂತ ಬಾಸ್ ಹೇಳಿದಾರೆ."

"ಅರ್ಧ ಬಿಟ್ಟಾಗಿದೆಯಲ್ಲ... ಈಗ ಏನ್ಮಾಡ್ತೀಯ?"

ಬೀರು ಯೋಚನೆಗೆ ಬಿದ್ದ. ಯೋಚನೆ ಮಾಡುವಾಗ ಅವನು ಬೇರೇನೂ ಮಾಡಲಾರ. ಹಿಡಿತ ಒಂಚೂರು ಸಡಿಲವಾಯಿತು. ಹೊಟ್ಟೆ ಒಳಗೆಳೆದುಕೊಂಡು ಒದ್ದೆ! ಶೂ ಅವನ ಪಾಲಾಯಿತು. ನಾನು ವಾಶ್‌ಬೇಸಿನ್ ಮೇಲೆ ತಲೆಕೆಳಗಾಗಿ ಬಿದ್ದೆ.

ನಗಬೇಡಿ. ನೀವು ಓದಿರೋ ಪತ್ತೇದಾರರಿಗೆ ಹೊಟ್ಟೆ ಇರಲ್ಲ. ನನಗಿದೆ.

ಈ ಕೇಸು ನನ್ನ ತಲೆಗೆ ಕಟ್ಟಿದ್ದು ನನ್ನ ಅಕ್ಕ. ಅವತ್ತು ಬೆಳಗ್ಗೆ ನನ್ನ ಆಫೀಸಿಗೆ ಬಂದಳು. ಮೇಜಿನ ಮೇಲಿನ ಧೂಳು ನೋಡಿ ಬೈದಳು. ನನ್ನ ಅಂಗಿ ನೋಡಿ ಬೈದಳು. ಆಮೇಲೆ ವಿಷಯಕ್ಕೆ ಬಂದಳು.

"ಇವತ್ತು ಸಂಜೆ ನಿಮ್ಮ ಭಾವ ರಿಂಗ್‌ಗೆ ಇಳೀಬಾರದು. ನಿಲ್ಲಿಸು."

"ಅಕ್ಕಾ... ಅವರನ್ನ ಜನ ಬಂಡೆ ಅಂತಾರೆ. ನನ್ನ ಏನಂತಾರೆ ಗೊತ್ತಾ?"

"ಗೊತ್ತು. ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಕೇಳಿಲ್ಲಿ, ಅವರಿಗೆ ಮರೆವು ಶುರುವಾಗಿದೆ."

"ಭಾವನಿಗೆ ಯಾವತ್ತು ನೆನಪಿತ್ತು? ಹಾಲು ತರೋಕೆ ಹೋಗಿ ಬ್ಯಾಟರಿ ತಂದವರು."

"ಇದು ಆ ಮರೆವಲ್ಲ ಕಣೋ." ಅಕ್ಕನ ದನಿ ಇಳಿಯಿತು. "ಮೊನ್ನೆ ನಮ್ಮ ಹಳೇ ಮನೆಗೆ ಹೋಗಿದಾರೆ. ಬಿಟ್ಟು ಎಷ್ಟು ವರ್ಷ ಆಯ್ತು! ಬೀಗ ಯಾಕೆ ಬದಲಾಯಿಸಿದ್ರಿ ಅಂತ ಅಲ್ಲಿರೋರ ಜೊತೆ ಜಗಳ. ನನ್ನ ಹೆಂಡ್ತಿ ಎಲ್ಲಿ, ಕರೀರಿ ಹೊರಗೆ ಅಂತ ಕೂಗಾಟ. ಪಾಪ, ಆ ಮನೆಯಾಕೆ ಹೆದರಿ ನನಗೆ ಫೋನ್ ಮಾಡಿದ್ಲು."

ಹೇಳ್ತಾ ಹೇಳ್ತಾ ಅಕ್ಕ ನಕ್ಕಳು. ನಗು ಮುಗಿಯೋ ಮೊದಲೇ ಅಳು ಬಂತು.

"ಇವತ್ತು ಎದುರಿಗಿರೋ ಹುಡುಗ ಸುತ್ತಿಗೆ ಥರ ಹೊಡೀತಾನಂತೆ. ಇವರು ತಲೆ ಕೊಟ್ಕೊಂಡು ನಿಲ್ತಾರೆ. ಇನ್ನೊಂದು ಪಂದ್ಯ ಆದ್ರೆ ನನ್ನೇ ಮರೀತಾರೆ ಕಣೋ."

"ಪಂದ್ಯಕ್ಕೆ ಮುಂಚೆ ಡಾಕ್ಟರ್ ಚೆಕ್ ಮಾಡಲ್ವಾ?"

"ಮಾಡ್ತಾರೆ. ಪ್ರತಿ ಸಲ ಪಾಸು! ಅದೇ ನನಗೆ ಅರ್ಥ ಆಗ್ತಿಲ್ಲ."

ಅಕ್ಕನಿಗೆ ಅರ್ಥವಾಗದ್ದು ನನಗೆ ಅರ್ಥವಾದರೆ ಅದು ಅಪಾಯದ ಸೂಚನೆ. ಸೀದಾ ಭಾವನ ಜಿಮ್‌ಗೆ ಹೊರಟೆ.

ಮೊದಲು ಭಾವನ ಬಗ್ಗೆ ಹೇಳಿಬಿಡ್ತೀನಿ. ಬಾಕ್ಸಿಂಗ್‌ನಲ್ಲಿ ಸುಮಾರಾಗಿ ಎರಡು ಸ್ಟೈಲು. ಒಂದು, ದೂರ ನಿಂತು, ಸುತ್ತಾಡಿ, ಚಿಟಕ್ ಅಂತ ಒಂದು ಕೊಟ್ಟು ಜಾರಿಕೊಳ್ಳೋದು. ಇನ್ನೊಂದು, ಎದುರಾಳಿಯ ಮುಖಕ್ಕೆ ಮುಖ ಕೊಟ್ಟು ನಿಂತು, ಮೂರು ತಿಂದು ಒಂದು ಕೊಡೋದು. ಭಾವ ಮೊದಲು ಆ ಮೊದಲನೇ ಥರ ಇದ್ದರು. ಅವರ ಕಾಲು ನೋಡಬೇಕಿತ್ತು ನೀವು! ಆದರೆ ಜನಕ್ಕೆ ಹಿಡಿಸಲಿಲ್ಲ. 'ಡ್ಯಾನ್ಸ್ ನೋಡೋಕೆ ಬಂದಿಲ್ಲ, ಹೊಡಿಯಯ್ಯಾ' ಅಂತ ಕೂಗಿದರು. ಬಾಸ್ ಕರೆದು ಕಿವಿಯಲ್ಲಿ ಹೇಳಿದ, "ನಿಂತು ಹೊಡಿ. ಹೆಸರು ಬರುತ್ತೆ."

ಭಾವ ನಿಂತರು. ಹೆಸರೂ ಬಂತು. ಬಂಡೆ!

ಬಂಡೆ ಬೀಳಲ್ಲ ಅಂತ ಜನ ಚಪ್ಪಾಳೆ ತಟ್ಟಿದರು. ಬೀಳದವನು ಎಷ್ಟು ತಿಂದ ಅಂತ ಯಾರೂ ಲೆಕ್ಕ ಇಡಲಿಲ್ಲ. ನಾನೂ ಮುಂದಿನ ಸಾಲಿನಲ್ಲಿ ಕೂತು ತಟ್ಟಿದೆ. ನಮ್ಮ ಭಾವ ಅಲ್ವೇ!

ಜಿಮ್‌ನಲ್ಲಿ ಬಾಕ್ಸರ್‌ಗಳು ಸ್ಕಿಪ್ಪಿಂಗ್ ಮಾಡ್ತಿದ್ದರು. ಹಗ್ಗ ನೆಲಕ್ಕೆ ಬಡಿದ ಹಾಗೆಲ್ಲ ಒಟ್ಟಿಗೆ ಕೂಗು.

"ಕುರ್ಚಿ! ಹೂವು! ರೈಲು! ಕುರ್ಚಿ! ಹೂವು! ರೈಲು!"

ಬೆವರು ಒರೆಸಿಕೊಳ್ತಿದ್ದ ಒಬ್ಬನನ್ನು ಕೇಳಿದೆ. "ಇದೇನು ಗುರೂ, ಶಿಶುವಿಹಾರ ತೆಗೆದಿದೀರಾ?"

ಅವನು ನಕ್ಕ. "ಡಾಕ್ಟರ್ ಪದಗಳು ಅಣ್ಣಾ. ನೆನಪಿನ ಶಕ್ತಿ ಪರೀಕ್ಷೆಗೆ ಮೂರು ಪದ ಹೇಳ್ತಾರೆ. ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳ್ತಾರೆ. ಪ್ರತಿ ಸಲ ಇವೇ ಮೂರು! ಕೋಚ್ ಬಾಯಿಪಾಠ ಮಾಡಿಸಿದಾರೆ."

ಭಾವ ಪ್ರತಿ ಸಲ ಪಾಸಾಗ್ತಿದ್ದ ಗುಟ್ಟು ಇದು.

ತಲೆಗೆ ಪೆಟ್ಟಾಗಿದೆಯಾ ಅಂತ ನೋಡೋ ಪರೀಕ್ಷೆಗೂ ಇವರು ಪ್ರಾಕ್ಟೀಸ್ ಮಾಡಿದ್ದರು! ಶಿಸ್ತು ಅಂದರೆ ಇದು.

ಅಷ್ಟರಲ್ಲಿ ಕೋಚ್ ನನ್ನನ್ನು ನೋಡಿದ. ಫೋನ್ ತೆಗೆದ. ನಾನು ಓಡಿದೆ. ಆಟೋ ಹಿಡಿದು ಸ್ಟೇಡಿಯಂ ತಲುಪಿದರೆ ಮುಂಬಾಗಿಲಲ್ಲಿ ಬೀರು. ಪಕ್ಕದ ಬಾಗಿಲಿಗೆ ಹೋದರೆ ಅಲ್ಲೂ ಬೀರು. ಹಾಗಾಗಿ ಬಾತ್‌ರೂಮ್ ಕಿಟಕಿ. ಉಳಿದದ್ದು ನಿಮಗೆ ಗೊತ್ತು.

ಒಂದೇ ಶೂನಲ್ಲಿ ಕಾರಿಡಾರ್ ಉದ್ದಕ್ಕೂ ಓಡಿದೆ. ಟಕ್... ಪಚ್... ಟಕ್... ಪಚ್... ಹಿಂದಿನಿಂದ ಬೀರುವಿನ ಹೆಜ್ಜೆ. ಟವೆಲ್ ತುಂಬಿದ ಗಾಡಿಯೊಂದು ಅಡ್ಡ ಸಿಕ್ಕಿತು. ಹಿಂದಕ್ಕೆ ತಳ್ಳಿದೆ. ಧಡಾರ್! ವೈದ್ಯಕೀಯ ತಪಾಸಣೆ ಅಂತ ಬರೆದಿದ್ದ ಬಾಗಿಲು ತಳ್ಳಿ ಒಳಗೆ ನುಗ್ಗಿ ಚಿಲಕ ಹಾಕಿದೆ.

ಭಾವ ಚಡ್ಡಿಯಲ್ಲಿ ತಪಾಸಣೆ ಮಂಚದ ಮೇಲೆ ಕೂತಿದ್ದರು. ಎದುರಿಗೆ ಡಾಕ್ಟರ್. ಕನ್ನಡಕ ಹಣೆ ಮೇಲೆ, ಕಣ್ಣಲ್ಲಿ ಮಧ್ಯಾಹ್ನದ ನಿದ್ದೆ.

"ಕುರ್ಚಿ, ಹೂವು, ರೈಲು," ಅಂದರು ಭಾವ ಠೀವಿಯಿಂದ.

"ಗುಡ್. ಫಿಟ್," ಅಂದರು ಡಾಕ್ಟರ್.

"ಡಾಕ್ಟ್ರೇ, ನಿಲ್ಸಿ!"

ಭಾವ ನನ್ನ ಕಾಲು ನೋಡಿದರು. "ಲೇ ಭಾಮೈದ, ಇನ್ನೊಂದು ಶೂ ಎಲ್ಲೋ?"

"ಹೊರಗಡೆ ಬರ್ತಾ ಇದೆ ಭಾವ."

ಧಬ್! ಧಬ್! ಬೀರು ಬಾಗಿಲು ಬಡಿಯತೊಡಗಿದ.

"ಡಾಕ್ಟ್ರೇ, ಬೇರೆ ಮೂರು ಪದ ಕೇಳಿ."

"ನನ್ನ ಪರೀಕ್ಷೆ ಹೇಗೆ ಮಾಡಬೇಕು ಅಂತ ನೀವು ಹೇಳ್ಕೊಡ್ತೀರಾ?"

"ಇಡೀ ಜಿಮ್ ನಿಮ್ಮ ಪದ ಹಾಡ್ಕೊಂಡು ಹಗ್ಗ ಹಾರ್ತಿದೆ ಸಾರ್. ಬೇಕಾದ್ರೆ ಕೋರಸ್ ಕೇಳಿಸ್ತೀನಿ."

ಡಾಕ್ಟರ ನಿದ್ದೆ ಹಾರಿಹೋಯಿತು. ಕನ್ನಡಕ ಕೆಳಗಿಳಿಸಿ ಭಾವನನ್ನು ನೋಡಿದರು, ಬಹುಶಃ ಮೊದಲ ಸಲ.

"ಬಾಗಿಲು, ಹಾಲು, ಕೊಡೆ. ಹೇಳಿ."

"ಬಾಗಿಲು, ಹಾಲು, ಕೊಡೆ," ಅಂದರು ಭಾವ. "ಇದೇನು ಮಹಾ!"

"ನೆನಪಿಟ್ಕೊಳ್ಳಿ. ಸ್ವಲ್ಪ ಹೊತ್ತಾದ ಮೇಲೆ ಕೇಳ್ತೀನಿ."

ಆ ಸ್ವಲ್ಪ ಹೊತ್ತು ನನ್ನ ಜೀವನದ ಅತಿ ಉದ್ದದ ಹೊತ್ತು. ಬಾಗಿಲ ತಿರುಪು ಒಂದೊಂದೇ ಸಡಿಲವಾಗ್ತಿತ್ತು. ಬೆನ್ನು ಕೊಟ್ಟು ನಿಂತೆ.

"ಭಾವ, ನಿಮ್ಮ ಆ ಹಳೇ ಓಡಾಟ ಒಂದ್ಸಲ ತೋರಿಸಿ. ಕಾಲಲ್ಲಿ ಕಚಗುಳಿ ಇಡ್ತಿದ್ರಲ್ಲ, ಅದು."

"ಆ ಡ್ಯಾನ್ಸಾ?" ಭಾವ ನಕ್ಕು ಮಂಚದಿಂದ ಇಳಿದರು. ಕೈ ಎತ್ತಿದರು. ಬಲಗಾಲು ಹಗುರಾಗಿ ಜಾರಿತು... ಅದೇ ಹಳೇ ಭಾವ! ಎಡಗಾಲು ಹಿಂದೆ ಉಳಿಯಿತು. ಎಳೆದುಕೊಂಡರು. ಮುಗ್ಗರಿಸಿದರು. ಮಂಚ ಹಿಡಿದು ನಿಂತರು.

"ನೆಲ ಜಾರುತ್ತೆ ಕಣೋ."

"ಹೌದು ಭಾವ, ಜಾರುತ್ತೆ."

ನೆಲ ಒಣಗಿತ್ತು. ಆ ಕಾಲಿನ ಓಟ ಬಿಡಿಸಿದ ಚಪ್ಪಾಳೆಯಲ್ಲಿ ನನ್ನದೂ ಇತ್ತಲ್ಲ ಅಂತ ಸಂಕಟವಾಯಿತು.

ಡಾಕ್ಟರ್ ಮೆಲ್ಲಗೆ ಕೇಳಿದರು, "ಆ ಮೂರು ಪದ ಹೇಳಿ."

ಭಾವ ಎದೆ ಉಬ್ಬಿಸಿದರು. ಬಾಸು, ಕೋಚು, ಜನ ಎಲ್ಲ ಹೇಳಿಕೊಟ್ಟ ಧೈರ್ಯ ಆ ಎದೆಯಲ್ಲಿತ್ತು.

"ಕುರ್ಚಿ! ಹೂವು! ರೈಲು!"

ಡಾಕ್ಟರ್ ಪೆನ್ನು ಕೆಳಗಿಟ್ಟರು. ಬಾಗಿಲು ಬಡಿತ ನಿಂತಿತ್ತು. ಭಾವ ನಮ್ಮಿಬ್ಬರ ಮುಖ ನೋಡಿದರು. ನಗು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು.

"ಸರಿಯಾಗೇ ಹೇಳಿದ್ನಲ್ಲ... ಡಾಕ್ಟ್ರೇ?"

"ಇವತ್ತು ಬೇಡ," ಅಂದರು ಡಾಕ್ಟರ್. "ಇನ್ಯಾವತ್ತೂ ಬೇಡ."

ಧಡ್! ಬಾಗಿಲು ಕಿತ್ತುಕೊಂಡು ಬಂತು. ನಾನು ಅದರ ಜೊತೆ ಬಂದೆ. ಹಿಂದೆಯೇ ಬೀರು, ಅವನ ಹಿಂದೆ ಬಾಸ್! ರೇಷ್ಮೆ ಅಂಗಿ, ಬೆವರಿನ ಹಣೆ.

"ಯಾರ್ರೀ ಅನ್‌ಫಿಟ್ ಅಂದಿದ್ದು? ಹೊರಗೆ ಜನ ತುಂಬಿದಾರೆ. ಅವನು ಒಂದು ಸಲವಾದ್ರೂ ನಾಕೌಟ್ ಆಗಿದಾನಾ? ಬಂಡೆ ಕಣ್ರೀ ಅವನು!"

"ಅದೇ ತೊಂದರೆ," ಅಂದರು ಡಾಕ್ಟರ್. ದನಿ ನಡುಗ್ತಿತ್ತು. ಆದರೂ ನಿಲ್ಲಿಸಲಿಲ್ಲ. "ಬಿದ್ದಿದ್ರೆ ಅಲ್ಲಿಗೆ ಪೆಟ್ಟು ನಿಲ್ತಿತ್ತು. ಇವರು ನಿಂತು ತಿಂದಿದಾರೆ. ಹೆಲ್ಮೆಟ್ ಹಾಕಿದ್ರೆ ಚರ್ಮ ಹರಿಯೋದು ತಪ್ಪುತ್ತೆ. ಒಳಗೆ ಮಿದುಳು ಅಲ್ಲಾಡೋದು ತಪ್ಪಲ್ಲ. ನಾನು ಮೊದಲೇ ನೋಡಬೇಕಿತ್ತು."

"ಬೀರು! ಈ ದಪ್ಪನನ್ನ ಎತ್ತಿ ಬಿಸಾಕು. ನಾನು ಬೇರೆ ಡಾಕ್ಟರ್ ಕರೆಸ್ತೀನಿ."

ಬೀರು ನನ್ನ ಕಡೆ ಬಂದ. ಕೈಯಲ್ಲಿ ನನ್ನ ಶೂ. ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟೆ. ಬೀರು ಡಾಕ್ಟರ ಮುಂದೆ ನಿಂತಿದ್ದ.

"ಸಾರ್... ನಾನೂ ಆವಾಗ ಅವೇ ಮೂರು ಪದ ಹೇಳಿ ಪಾಸಾಗಿದ್ದು." ಅವನ ದನಿ ಶಾಲೆಗೆ ತಡವಾಗಿ ಬಂದವನ ಥರ ಇತ್ತು. "ಈಚೆಗೆ ತಲೆ ಬಹಳ ನೋಯುತ್ತೆ. ನನಗೂ ಹೊಸ ಪದ ಕೊಡ್ತೀರಾ?"

"ಬೀರು!" ಕಿರುಚಿದ ಬಾಸ್.

"ಒಂದ್ನಿಮಿಷ ಇರಿ ಬಾಸ್. ಪರೀಕ್ಷೆ ನಡೀತಿದೆ."

ಬೀರು ಮಂಚದ ಮೇಲೆ ಕೂತ. ಮಂಚ ನರಳಿತು. ಬಾಸ್ ಒಬ್ಬನೇ ಬಾಗಿಲ ಬಳಿ ನಿಂತಿದ್ದ. ಬೀರು ಪಕ್ಕದಲ್ಲಿ ಇಲ್ಲದಿದ್ದರೆ ಅವನು ಬರೀ ಒಂದು ಅಂಗಿ. ಡಾಕ್ಟರ್ ಬಾಕ್ಸಿಂಗ್ ಫೆಡರೇಶನ್‌ಗೆ ಫೋನ್ ಹಚ್ಚಿದ್ದು ನೋಡಿ ಆ ಅಂಗಿ ಮೆಲ್ಲಗೆ ಜಾಗ ಖಾಲಿ ಮಾಡಿತು.

ಬೀರು ಮೂರೂ ಪದ ಸರಿಯಾಗಿ ಹೇಳಿದ. ಆಮೇಲೆ ನನ್ನ ಶೂ ಎದೆಗವಚಿಕೊಂಡು ಗೊಳೋ ಅಂತ ಅತ್ತ.

ಭಾವ ಮಾತ್ರ ನನ್ನನ್ನೇ ನೋಡ್ತಿದ್ದರು. ಹಾಗೆ ಅವರು ಎದುರಾಳಿಗಳನ್ನು ನೋಡೋದು. ಹತ್ತಿರ ಬಂದರು. ಕಾಲರ್ ಹಿಡಿದರು.

"ನೀನಾ? ನನ್ನ ಹೆಂಡ್ತಿ ತಮ್ಮ ನೀನು! ನನ್ನ ಪಂದ್ಯ ನೀನೇ ನಿಲ್ಲಿಸಿದ್ಯಾ?"

"ಹೂಂ ಭಾವ, ನಾನೇ."

ಮುಷ್ಟಿ ಮೇಲೆದ್ದಿತು. ಅಲ್ಲೇ ನಿಂತಿತು. ಕಣ್ಣು ತುಂಬಿ ಬಂದಿತ್ತು.

"ಸಾಯೋವರೆಗೂ ಮರೆಯಲ್ಲ ಕಣೋ ಇದನ್ನ!"

ಹೊಡೆದಿದ್ದರೆ ಚೆನ್ನಾಗಿತ್ತು. ತಡಕೊಳ್ಳಬಹುದಿತ್ತು.

ಆಮೇಲೆ ಬಹಳ ದಿನ ನಾನು ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅಕ್ಕನೇ ಫೋನ್ ಮಾಡಿದಳು. "ಬಾರೋ, ಏನೂ ಆಗಲ್ಲ." ಹೋದೆ. ಭಾವ ಬಾಲ್ಕನಿಯಲ್ಲಿ ಕೂತು ಬಟಾಣಿ ಬಿಡಿಸ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು!

"ಬಾರೋ ಭಾಮೈದ! ನಿನ್ನಿಂದ ಒಂದು ಕೆಲಸ ಆಗಬೇಕು." ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಯಾವನೋ ಒಬ್ಬ ನನ್ನ ಪಂದ್ಯ ನಿಲ್ಲಿಸಿಬಿಟ್ಟ. ಯಾರು ಅಂತಾನೇ ಹೊಳೀತಿಲ್ಲ. ನೀನು ಪತ್ತೇದಾರ ಅಲ್ವಾ? ಹುಡುಕಿಕೊಡೋ. ನಿನ್ನ ಬಿಟ್ರೆ ನನಗೆ ಯಾರಿದಾರೆ?"

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಕ್ಕ ಕೇಳಿಸಿಕೊಳ್ತಿದ್ದಳು.

ನಾನು ಪಕ್ಕದಲ್ಲಿ ಕೂತೆ. ಒಂದು ಹಿಡಿ ಬಟಾಣಿ ತಗೊಂಡೆ.

"ಹುಡುಕ್ತೀನಿ ಭಾವ."

ಈಗಲೂ ಪ್ರತಿ ಭಾನುವಾರ ಹೋಗ್ತೀನಿ. ಭಾವ ಪಿಸುಗುಡ್ತಾರೆ, "ಸಿಕ್ಕಿದ್ನಾ?"

"ಇನ್ನೂ ಇಲ್ಲ ಭಾವ. ಬಲು ಚಾಲಾಕಿ."

"ಬಿಡಬೇಡ ಅವನನ್ನ!"

ನನ್ನ ಇಡೀ ವೃತ್ತಿಯಲ್ಲಿ, ಅಪರಾಧಿ ತಪ್ಪಿಸಿಕೊಂಡೇ ಇರಲಿ ಅಂತ ನಾನು ಹಾರೈಸೋ ಕೇಸು ಅದೊಂದೇ.