ನಾಲ್ಕು ಕಣ್ಣುಗಳ ನಿಯಮ

ಪ್ರಶಸ್ತಿಯ ಪತ್ರ ಬಂದಾಗ ಆಕೆ ಯಾರದೋ ಶ್ರವಣಯಂತ್ರದ ತೂತಿನಿಂದ ಸೂಜಿಯ ತುದಿಯಲ್ಲಿ ಕಿವಿಯ ಗುಗ್ಗೆ ತೆಗೆಯುತ್ತಿದ್ದಳು. ಅಂಗಡಿಯ ಕೌಂಟರಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಮಗಳು ಅಮ್ಮನ ಫೋನಿನಿಂದ ಅದನ್ನು ಗಟ್ಟಿಯಾಗಿ ಓದಿದಳು.

"'ಓಪನ್ ಸೋರ್ಸ್ ತಂತ್ರಜ್ಞಾನಕ್ಕೆ ನೀಡಿದ ಅಸಾಧಾರಣ ಕೊಡುಗೆಗಾಗಿ, ಒಂಬತ್ತು ವರ್ಷಗಳಿಂದ ಏಕಾಂಗಿಯಾಗಿ...' ಅಮ್ಮಾ, ಕೇಳ್ತಾ ಇದ್ದೀಯಾ? ನೀನು ಗೆದ್ದಿದ್ದೀಯ!"

"ಆ ಕೊನೇ ಪದ ಇನ್ನೊಂದ್ಸಲ ಓದು."

"ಏಕಾಂಗಿಯಾಗಿ."

ಆಕೆ ಸೂಜಿಯನ್ನು ಕೆಳಗಿಟ್ಟಳು.

"ಯಾಕಮ್ಮ ಮುಖ ಹಾಗೆ ಮಾಡ್ದೆ? ಕುಣೀಬೇಕು ನೀನು!"

"ಏಕಾಂಗಿ ಅಂತ ಅವರಿಗೆ ಯಾರು ಹೇಳಿದ್ರು?"

ಮಗಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. ಇಬ್ಬರಿಗೂ ಒಂದೇ ಹೆಸರು ನೆನಪಾಗಿತ್ತು. ಆ ಹೆಸರಿನಿಂದ ಒಂದಕ್ಷರವೂ ಬಾರದೆ ನಲವತ್ತು ದಿನಗಳಾಗಿದ್ದವು.

ಗಂಡ ತೀರಿಕೊಂಡ ವರ್ಷ, ಮಗಳಿಗೆ ಆರು ತುಂಬಿದಾಗ, ಆಕೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಶಟರ್ ಅರ್ಧ ಇಳಿಸಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದಳು. ಶ್ರವಣಯಂತ್ರದ ದನಿ ಒಂದಿಷ್ಟು ಏರಿಸಬೇಕೆಂದರೂ ಮುದುಕರು ಎರಡು ಬಸ್ಸು ಬದಲಿಸಿ ಅಂಗಡಿಗೆ ಬರಬೇಕಿತ್ತು. ಕಂಪನಿಗಳು ದನಿ ಹೊಂದಿಸುವ ಬೀಗದ ಕೈಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದವು. ಆಕೆ ಬರೆದ ಪ್ರೋಗ್ರಾಂ ಫೋನಿನಲ್ಲಿದ್ದರೆ ಸಾಕು, ಮನೆಯಲ್ಲೇ ಕೂತು ತಮ್ಮ ಕಿವಿಯನ್ನು ತಾವೇ ಹದ ಮಾಡಿಕೊಳ್ಳಬಹುದಿತ್ತು. ಅದಕ್ಕೆ 'ಪಿಸುಮಾತು' ಎಂದು ಹೆಸರಿಟ್ಟು ಜಾಲತಾಣಕ್ಕೆ ಹಾಕಿದಳು. ಯಾರು ಬೇಕಾದರೂ ತೆಗೆದುಕೊಳ್ಳಲಿ, ಬಿಚ್ಚಿ ನೋಡಲಿ, ತಿದ್ದಲಿ, ಹಂಚಲಿ. ತನ್ನ ಹೆಸರಿನ ಜಾಗದಲ್ಲಿ 'ಸೂಜಿ' ಎಂದಷ್ಟೇ ಬರೆದಳು.

ಮೂರು ವಾರಗಳ ನಂತರ ಮೊದಲ ಟಿಪ್ಪಣಿ ಬಂತು. ಬರೆದವನು ತನ್ನನ್ನು 'ನಿಧಾನ' ಎಂದು ಕರೆದುಕೊಂಡಿದ್ದ.

"ನಿಮ್ಮ ಪ್ರೋಗ್ರಾಂ ಚೆನ್ನಾಗಿದೆ. ಆದರೆ ಹದಿನೇಳನೇ ಸಾಲಿನಲ್ಲಿ ತಪ್ಪಿದೆ. ನನ್ನ ಎಡಗಿವಿಗೆ ಗೊತ್ತಾಯಿತು."

ಆಕೆ ಸಿಟ್ಟಿನಿಂದ ಬರೆದಳು: "ಬಲಗಿವಿ ಏನು ಹೇಳುತ್ತದೆ?"

ಎರಡು ದಿನ ಬಿಟ್ಟು ಉತ್ತರ ಬಂತು: "ಈಗ ಅದನ್ನೂ ಕೇಳಿದೆ. ಅದೂ ಎಡಗಿವಿಯ ಪಕ್ಷ."

ಆಕೆ ಒಬ್ಬಳೇ ನಕ್ಕಳು. ಆ ವರ್ಷ ಆಕೆ ನಕ್ಕಿದ್ದು ಅದೇ ಮೊದಲು.

ಆತ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತು ವರ್ಷ ಯಂತ್ರದ ಕೋಣೆಗಳ ಗದ್ದಲದಲ್ಲಿ ಕಳೆದು ಎರಡೂ ಕಿವಿ ಮುಕ್ಕಾಲು ಪಾಲು ಕಳೆದುಕೊಂಡಿದ್ದ. ಲಿಫ್ಟಿನ ಆರೋಗ್ಯವನ್ನು ಈಗ ಗೋಡೆಗೆ ಅಂಗೈ ಒತ್ತಿ ತಿಳಿಯುತ್ತೇನೆ ಎಂದು ಒಮ್ಮೆ ಬರೆದಿದ್ದ. ಫೋನಿನಲ್ಲಿ ಮಾತಾಡುವುದು ಆತನಿಗೆ ಆಗುತ್ತಿರಲಿಲ್ಲ. ಫೋಟೋ ಕಳಿಸಿ ಎಂದು ಕೇಳುವ ಧೈರ್ಯ ಆಕೆಗಿರಲಿಲ್ಲ.

ಇಬ್ಬರೂ ಸೇರಿ ಒಂದು ನಿಯಮ ಮಾಡಿಕೊಂಡರು. ಯಾರದೋ ಕಿವಿಯೊಳಗೆ ಹೋಗುವ ಸದ್ದು ಇದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಸೇರಿಸುವಂತಿಲ್ಲ. ಎರಡು ಕಣ್ಣು ಸಾಲದು, ನಾಲ್ಕು ಬೇಕು. ಆಕೆ ಬರೆದ ಪ್ರತಿ ಬದಲಾವಣೆಯನ್ನೂ ಆತ ಎಡಗಿವಿಯಲ್ಲಿ ಒಮ್ಮೆ, ಬಲಗಿವಿಯಲ್ಲಿ ಒಮ್ಮೆ ಪರೀಕ್ಷಿಸಿ, ದಾಖಲೆಯ ಕೆಳಗೆ ಒಂದು ಸಾಲು ಹಾಕುತ್ತಿದ್ದ: "ನೋಡಿದ್ದೇನೆ. ನಿಧಾನ."

ಎರಡೂ ಕಿವಿಗೆ ಒಪ್ಪಿಗೆಯಾಗದೆ ಆತ ಸಹಿ ಹಾಕಿದ್ದೇ ಇಲ್ಲ.

"ಮೊಸರಲ್ಲಿ ಕಲ್ಲು ಹುಡುಕೋ ಮನುಷ್ಯ" ಎಂದು ಆಕೆ ಗೊಣಗಿದ್ದನ್ನು ಕೇಳಿ ಮಗಳು ಆತನಿಗೆ 'ಕಲ್ಲುಮಾಮ' ಎಂದು ಹೆಸರಿಟ್ಟಿದ್ದಳು. "ಕಲ್ಲುಮಾಮನ ಕಾಗದ ಬಂತಾ?" ಎಂದು ಶಾಲೆಯಿಂದ ಬರುತ್ತಲೇ ಕೇಳುವಳು. ಟಿಪ್ಪಣಿಗಳು ಬರಬರುತ್ತಾ ಕಾಗದಗಳೇ ಆಗಿದ್ದವು. ಮೇಲೆ ಎರಡು ಸಾಲು ಕೋಡ್ ಬಗ್ಗೆ, ಕೆಳಗೆ ಹತ್ತು ಸಾಲು ಬೇರೆ. ಮಗಳಿಗೆ ಜ್ವರ ಬಂದಾಗ ಆತ ಬರೆದಿದ್ದ: "ಇವತ್ತು ನಿಮ್ಮ ಕೋಡ್‌ನಲ್ಲಿ ಆರು ತಪ್ಪುಗಳಿವೆ. ಮಗುವಿಗೆ ಹೇಗಿದೆ?"

ಆರು ತಪ್ಪು ಎಣಿಸಿ ಮಗುವನ್ನು ವಿಚಾರಿಸುವ ಗಂಡಸು. ಆ ಸಾಲನ್ನು ಆಕೆ ಅದೆಷ್ಟು ಸಲ ಓದಿದ್ದಳೋ.

ಒಂಬತ್ತು ವರ್ಷ ಹಾಗೆ ಕಳೆದಿತ್ತು. ಕೊನೆಯದಾಗಿ ಬಂದದ್ದು ಮಾತ್ರ ಒಂದೇ ಸಾಲು: "ಅಭಿನಂದನೆಗಳು. ಇನ್ನು ನಿಮಗೆ ನನ್ನ ಕಣ್ಣು ಬೇಕಾಗಲಾರದು."

ಅಭಿನಂದನೆ ಯಾವುದಕ್ಕೆಂದು ತಿಳಿಯದೆ ಆಕೆ ಐದು ಸಲ ಬರೆದಳು. ಉತ್ತರವಿಲ್ಲ. ಬೇಜಾರು ಬಂದಿರಬೇಕು, ಅಥವಾ ಮನೆಗೆ ಯಾರೋ ಬಂದಿರಬೇಕು ಎಂದುಕೊಂಡಳು. ಕೇಳಲು ತನಗೇನು ಹಕ್ಕು? ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಮಿಂಚಂಚೆಯಲ್ಲಿದ್ದ ಆತನ ಹಳೆಯ ಟಿಪ್ಪಣಿಗಳನ್ನು ತೆರೆದಿಟ್ಟುಕೊಂಡು ಒಂಟಿಯಾಗಿ ಉಣ್ಣುವುದು ರೂಢಿಯಾಗಿತ್ತು. ಪ್ರಶಸ್ತಿಯ ಅಂತಿಮ ಪಟ್ಟಿ ಪ್ರಕಟವಾದದ್ದು ಆತ ಮೌನವಾದ ದಿನವೇ ಎಂಬುದು ಈಗ ಪತ್ರದಿಂದ ತಿಳಿಯಿತು. ಆ ಪಟ್ಟಿಯನ್ನು ಆಕೆ ತೆರೆದೂ ನೋಡಿರಲಿಲ್ಲ. ಅದರಲ್ಲೂ ಅದೇ ಪದವಿತ್ತು: ಏಕಾಂಗಿಯಾಗಿ.

ಆಕೆ ಪ್ರಶಸ್ತಿ ಕೊಡುವ ಸಂಸ್ಥೆಗೆ ಫೋನ್ ಮಾಡಿದಳು. ಎತ್ತಿದ ಹುಡುಗಿ ಬಹಳ ವಿನಯವಂತೆ.

"ನಾವೇನೂ ಊಹೆ ಮಾಡಲ್ಲ ಮೇಡಂ. ದಾಖಲೆಯಲ್ಲಿ ಯಾರ್ಯಾರ ಹೆಸರಿದೆ ಅಂತ ಕಂಪ್ಯೂಟರ್ ಎಣಿಸುತ್ತೆ. ನಿಮ್ಮದು ಬಿಟ್ಟು ಬೇರೆ ಯಾವ ಹೆಸರೂ ಇಲ್ಲ."

"ಇನ್ನೊಂದು ಹೆಸರು ಸಾವಿರ ಕಡೆ ಇದೆ ಕಣಮ್ಮಾ!"

"ಒಂದೂ ಇಲ್ಲ ಮೇಡಂ. ನೀವೇ ನೋಡಿ."

ನೋಡಿದಳು. ಒಂದೂ ಇರಲಿಲ್ಲ.

ಎಂಟು ತಿಂಗಳ ಹಿಂದೆ ಪಿಸುಮಾತನ್ನು ಹಳೆಯ ತಾಣದಿಂದ ಹೊಸದಕ್ಕೆ ಸಾಗಿಸಿದ್ದಳು. ಹಳೆಯ ತಾಣ ಪ್ರತಿ ದಾಖಲೆಯ ಬುಡದಲ್ಲಿ ತನ್ನ ಜಾಹೀರಾತಿನ ಒಂದು ಸಾಲು ಅಂಟಿಸಿತ್ತು. ಅದನ್ನು ಗುಡಿಸಲು ಆಕೆ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಕೊನೆಯ ಒಂದು ಸಾಲು ಅಳಿಸು ಎಂದು ಬರೆಯಬೇಕಿತ್ತು, ಎರಡು ಎಂದು ಬರೆದಿದ್ದಳು; ಜಾಹೀರಾತಿನ ಮೇಲಿನ ಸಾಲು ಆತನ ಸಹಿ. ಆ ಪೊರಕೆ ಅಂದಿನಿಂದ ಪ್ರತಿ ವಾರ ಹೊಸ ದಾಖಲೆಗಳ ಬುಡವನ್ನೂ ತಾನಾಗಿ ಗುಡಿಸುತ್ತಲೇ ಇತ್ತು.

ಬರೀ ಕಸ ಗುಡಿಸುವುದು ತಾನೇ ಎಂದು ಅದನ್ನು ಆತನಿಗೆ ತೋರಿಸಿರಲಿಲ್ಲ. ಒಂಬತ್ತು ವರ್ಷಗಳಲ್ಲಿ ಆತನ ಕಣ್ಣಿಗೆ ಬೀಳದೆ ಆಕೆ ಮಾಡಿದ ಒಂದೇ ಕೆಲಸ ಅದು.

"ಅಂದ್ರೆ ಕಲ್ಲುಮಾಮ ಏನಂದ್ಕೊಂಡಿರ್ತಾರೆ?" ಮಗಳು ಮೆಲ್ಲಗೆ ಕೇಳಿದಳು.

"ಪ್ರಶಸ್ತಿಗೋಸ್ಕರ ನಾನೇ ಅಳಿಸಿದೆ ಅಂತ."

ಕಪಾಟಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಮೂಲ ಪ್ರತಿ ಇತ್ತು, ಕಳೆದ ಎಂಟು ತಿಂಗಳದ್ದು ಮಿಂಚಂಚೆಗಳಲ್ಲಿತ್ತು. ಪೊರಕೆಯನ್ನು ನಿಲ್ಲಿಸಿ, ನಾಲ್ಕು ದಿನ ಕೂತು ಒಂದೊಂದು ಸಹಿಯನ್ನೂ ಅದರದರ ಜಾಗಕ್ಕೆ ಹಾಕಿದಳು. ಸಾವಿರದ ನೂರ ನಲವತ್ತಮೂರು ಸಾಲು. "ನೋಡಿದ್ದೇನೆ. ನಿಧಾನ." ಮೊದಲ ಪುಟದಲ್ಲಿ ತನ್ನ ಹೆಸರಿದ್ದ ಕಡೆ ಹೊಸದೊಂದು ವಾಕ್ಯ ಬರೆದಳು: "ಪಿಸುಮಾತು ಇಬ್ಬರದು." ನಡೆದದ್ದನ್ನೆಲ್ಲ ವಿವರಿಸಿ ಆತನ ಪರಿಶೀಲನೆಗೆ ಕಳಿಸಿದಳು.

ಪರದೆಯ ಮೂಲೆಯಲ್ಲಿ ಹಳದಿ ಚುಕ್ಕೆ ಮೂಡಿತು: ಇನ್ನೊಬ್ಬರ ಒಪ್ಪಿಗೆಗಾಗಿ ಕಾಯುತ್ತಿದೆ.

ಒಂದು ವಾರ ಕಾಯಿತು. ಎರಡು ವಾರ ಕಾಯಿತು.

"ನಾನೇ ಒಂದು ಅಕೌಂಟ್ ಮಾಡಿ ಒಪ್ಪಿಗೆ ಒತ್ತಿಬಿಡ್ಲಾ?" ಎಂದಳು ಮಗಳು. "ಕಣ್ಣು ನಾಲ್ಕಾಗುತ್ತಲ್ಲ?"

"ನಿನ್ನ ಕಣ್ಣಲ್ಲ ಪುಟ್ಟಿ."

"ಹಾಗಾದ್ರೆ ಬರೀ ಕಣ್ಣಿನ ವಿಷಯ ಅಲ್ಲ ಇದು."

ಆಕೆ ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಸಮಾರಂಭ ಭಾನುವಾರ ಬೆಳಿಗ್ಗೆ, ಗಾಜಿನ ಗೋಡೆಗಳ ಒಂದು ಸಭಾಂಗಣದಲ್ಲಿ. ಕಿವಿ ಕೇಳದ ಬಳಕೆದಾರರೂ ಬರುವರೆಂದು ವೇದಿಕೆಯ ಮಾತು ಅಕ್ಷರವಾಗಿ ದೊಡ್ಡ ಪರದೆಯ ಮೇಲೆ ಹರಿಯುತ್ತಿತ್ತು. ಆಕೆಯ ಕೈಗೆ ಕಂಚಿನ ಫಲಕ ಬಂತು. ಭಾರವಾಗಿತ್ತು. 'ಏಕಾಂಗಿಯಾಗಿ' ಎಂಬ ಪದ ನಟ್ಟ ನಡುವೆ ಆಳವಾಗಿ ಕೆತ್ತಿಸಿಕೊಂಡು ಕೂತಿತ್ತು.

ನೂರಾರು ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಒಂಟಿತನ ಆಕೆಗೆ ಅರ್ಧ ಇಳಿಸಿದ ಶಟರಿನ ಹಿಂದೆಯೂ ಅನ್ನಿಸಿರಲಿಲ್ಲ.

ಬರೆದು ತಂದ ಚೀಟಿ ಚೀಲದಲ್ಲೇ ಉಳಿಯಿತು. "ಇದರಲ್ಲಿ ಒಂದು ಪದ ತಪ್ಪಿದೆ" ಎಂದಳು ಮೈಕಿನಲ್ಲಿ. "ತಪ್ಪು ಸಂಸ್ಥೆಯದಲ್ಲ, ನನ್ನದು. ಪಿಸುಮಾತಿನ ಪ್ರತಿ ಸಾಲನ್ನೂ ಇನ್ನೊಬ್ಬರು ನೋಡಿದ್ದಾರೆ. ಅವರ ಹೆಸರನ್ನ ನಾನು ಕೈಯಾರೆ ಅಳಿಸಿದೆ, ಗೊತ್ತಿಲ್ಲದೆ. ತಿದ್ದಿ ಕಳಿಸಿದ್ದೀನಿ. ಅವರು ನೋಡೋವರೆಗೆ ಅದು ಕಾಯುತ್ತೆ." ಫಲಕವನ್ನು ಎದೆಗೊತ್ತಿಕೊಂಡಳು. "ನಾನೂ ಕಾಯ್ತೀನಿ."

ಅಷ್ಟೇ ಹೇಳಿ ಇಳಿದಳು. ಧನ್ಯವಾದ ಹೇಳುವುದನ್ನೇ ಮರೆತಿದ್ದಳು.

ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಕೈಯಲ್ಲಿದ್ದ ಫೋನು ಅದುರಿತು. ಪರದೆಯ ಮೇಲೆ ಒಂದು ಟಿಪ್ಪಣಿ.

"ಒಂದು ಆಕ್ಷೇಪಣೆ ಇದೆ. 'ಇಬ್ಬರದು' ಎಂದು ಬರೆಯುವ ಮೊದಲು ಇನ್ನೊಬ್ಬನನ್ನು ಕೇಳಬೇಕಿತ್ತು. ನಿಧಾನ."

ಅಕ್ಷರಗಳು ಕಣ್ಣೀರಿನಲ್ಲಿ ತೇಲಾಡಿದವು. ಕಣ್ಣೊರೆಸಿಕೊಂಡು ಬರೆದಳು: "ಕೇಳೋದಕ್ಕೇ ಪರಿಶೀಲನೆಗೆ ಕಳಿಸಿದ್ದು. ಎಲ್ಲಿದ್ದೀರಿ?"

"ಹೊರಗೆ, ಲಿಫ್ಟಿನ ಹತ್ತಿರ. ಇದರ ಹಗ್ಗ ಸ್ವಲ್ಪ ಸಡಿಲವಾಗಿದೆ."

"ಹೋಗಮ್ಮಾ" ಎಂದು ಮಗಳು ಬೆನ್ನಿಗೆ ಕೈಯಿಟ್ಟು ನೂಕಿದಳು. "ಓಡಬೇಡ. ಜನ ನೋಡ್ತಾರೆ. ಅಥವಾ ಓಡು, ನೋಡಿದ್ರೆ ನೋಡ್ಲಿ."

ಉದ್ದದ ಕಾರಿಡಾರಿನ ತುದಿಯಲ್ಲಿ ಒಬ್ಬ ಗಂಡಸು ಲಿಫ್ಟಿನ ಪಕ್ಕದ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಇಸ್ತ್ರಿ ಮಾಡಿದ ಅಂಗಿಯ ಒಂದು ಗುಂಡಿ ತಪ್ಪು ಕಾಜಕ್ಕೆ ಸಿಕ್ಕಿಕೊಂಡಿತ್ತು. ಸಾವಿರ ತಪ್ಪು ಹಿಡಿದವನ ಅಂಗಿಯಲ್ಲೇ ತಪ್ಪು! ಆಕೆಯ ಕಣ್ಣು ಅಲ್ಲಿ ನಿಂತದ್ದನ್ನು ನೋಡಿ ಆತ ತಲೆ ಬಗ್ಗಿಸಿದ, ಕಂಡುಕೊಂಡ, ಕಿವಿಯ ತುದಿಯವರೆಗೆ ಕೆಂಪಾದ.

"ಅವಸರದಲ್ಲಿ ಹೊರಟೆ" ಎಂದ. ಆತನ ದನಿಯನ್ನು ಆಕೆ ಕೇಳಿದ್ದು ಅದೇ ಮೊದಲು. ಕೊಂಚ ಒರಟು, ಕೊಂಚ ಜೋರು, ತನ್ನ ದನಿ ತನಗೇ ಕೇಳದವರ ಹಾಗೆ.

"ನಿಧಾನ ಅಂತ ಹೆಸರಿಟ್ಕೊಂಡು ಅವಸರವೇ?"

"ಬರೋದು ಬೇಡ ಅಂತ ಬೆಳಿಗ್ಗೆವರೆಗೂ ಕೂತಿದ್ದೆ. ಹಿಂದಿನ ಸಾಲಲ್ಲಿ ನಿಂತು ಚಪ್ಪಾಳೆ ತಟ್ಟಿ ಹೋಗೋಣ ಅಂತ ಬಂದೆ. ನೀವು ಹೇಳಿದ್ದು ಪರದೆ ಮೇಲೆ ಬಂತು."

"ನನ್ನ ಕಾಗದ ನೋಡ್ಲಿಲ್ವಾ?"

"ಪಿಸುಮಾತಿಂದ ಬರೋದನ್ನೆಲ್ಲ ಮುಚ್ಚಿಬಿಟ್ಟಿದ್ದೆ." ಆತ ನೆಲ ನೋಡಿದ. "ಹೆಸರು ಹೋಯ್ತು ಅಂತಲ್ಲ. ಹೆಸರು ಯಾರಿಗೆ ಬೇಕು? ಒಂಬತ್ತು ವರ್ಷ ನಾನು ಅಲ್ಲಿ ಇರಲೇ ಇಲ್ಲ ಅಂತ ನಿಮಗೂ ಅನ್ಸಿತೇನೋ ಅಂತ."

ಆಕೆ ಫಲಕವನ್ನು ಮುಂದೆ ಹಿಡಿದಳು. "ಇದನ್ನ ತಿದ್ದೋಕಾಗಲ್ಲ ಅಂತೆ. ಕೆತ್ತಿ ಆಯ್ತಂತೆ."

ಆತ ಆ ಪದದ ಮೇಲೆ ಬೆರಳಾಡಿಸಿದ. "ನನಗೆ ತೋರಿಸದೆ ಮಾಡಿದ್ರೆ ಹೀಗೇ."

ಇಬ್ಬರೂ ನಕ್ಕರು. ಸಭಾಂಗಣದ ಬಾಗಿಲು ತೆರೆದು ಜನ ಹೊರಗೆ ಬರತೊಡಗಿದರು. ಗದ್ದಲ ಕಾರಿಡಾರನ್ನು ತುಂಬಿತು. ಆತ ಹುಬ್ಬು ಗಂಟಿಕ್ಕಿ ಆಕೆಯ ತುಟಿಗಳನ್ನೇ ನೋಡಿದ. ಅಷ್ಟು ಹತ್ತಿರದಿಂದ ಯಾರೂ ತನ್ನ ಮಾತಿಗೆ ಕಾದದ್ದು ಆಕೆಗೆ ನೆನಪಿರಲಿಲ್ಲ.

"ಫೋನ್ ಕೊಡಿ" ಎಂದು ಕೈ ಚಾಚಿದಳು. ಆತನ ಫೋನಿನಲ್ಲಿ ಪಿಸುಮಾತು ತೆರೆದೇ ಇತ್ತು. ಜನರ ಸದ್ದನ್ನು ಇಳಿಸಿದಳು, ಎದುರಿನ ದನಿಯನ್ನು ಏರಿಸಿದಳು. ಅಪರಿಚಿತರ ಕಿವಿಗಳಿಗಾಗಿ ಇಷ್ಟು ವರ್ಷ ಮಾಡಿದ ಕೆಲಸ, ಆದರೂ ಇಂದು ಎರಡೆರಡು ಸಲ ನೋಡಿ ಒತ್ತಿದಳು.

"ಈಗ?"

"ಈಗ ನೀವೊಬ್ಬರೇ ಇದ್ದೀರಿ."

ಆಕೆ ಹಿಮ್ಮಡಿ ಎತ್ತಿ ಆತನ ಎಡಗಿವಿಯ ಹತ್ತಿರ ಬಾಗಿದಳು. ಗಾಳಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು: "ನನಗೆ ನೀವು ಬೇಕು. ಕೋಡ್ ನೋಡೋದಕ್ಕಲ್ಲ."

ಗೋಡೆಯ ಮೇಲಿದ್ದ ಆತನ ಅಂಗೈ ಜಾರಿ ಕೆಳಗಿಳಿಯಿತು.

"ಕೇಳಿಸ್ಲಿಲ್ವಾ?" ಆಕೆ ಗಾಬರಿಯಿಂದ ಕೇಳಿದಳು.

"ಕೇಳಿಸ್ತು" ಎಂದ. ಕಣ್ಣಂಚು ಒದ್ದೆಯಾಗಿತ್ತು, ತುಟಿಯ ತುದಿಯಲ್ಲಿ ಹಳೆಯ ತುಂಟತನವಿತ್ತು. ಆತ ಮೆಲ್ಲಗೆ ಮುಖ ತಿರುಗಿಸಿ ಇನ್ನೊಂದು ಕೆನ್ನೆಯನ್ನು ಆಕೆಯ ಕಡೆಗಿಟ್ಟ.

"ಸಹಿ ಹಾಕೋ ಮೊದಲು ಬಲಗಿವಿಯದು ಬಾಕಿ ಇದೆ."