ಗೆರಟಿ ಅಜ್ಜಿಗೂ ಬಂದ ಪತ್ರ

ಪತ್ರದ ಕೆಳಗೆ ಎಥ್ನಾ ಮಲ್ವಿಹಿಲ್ ಎಂದು ಸಹಿ ಇತ್ತು. ಆದರೆ ಎಥ್ನಾ ಅದನ್ನು ಬರೆದೇ ಇರಲಿಲ್ಲ!

‘ನನ್ನ ಗೆಲುವು ಖಚಿತ. ಒಂದನೇ ಅಂಕಿಯನ್ನು ನಮ್ಮ ಪಕ್ಷದ ಟೂಹಿಯವರಿಗೆ ಕೊಡಿ. ನನಗೆ ಎರಡು ಸಾಕು.’

ಮತದಾನಕ್ಕೆ ಮೂರೇ ದಿನ. ಐರ್ಲೆಂಡಿನ ಬ್ಯಾಲಿಶೀನ್ ಕ್ಷೇತ್ರಕ್ಕೆ ಸೀಟು ಮೂರು, ಪಕ್ಷದಿಂದ ನಿಂತವರು ಇಬ್ಬರು: ಎಥ್ನಾ ಮತ್ತು ಟೂಹಿ. ಮತದಾರರು ತಮ್ಮ ಮೆಚ್ಚಿಕೆಯ ಕ್ರಮದಲ್ಲಿ ಹೆಸರುಗಳ ಮುಂದೆ ಒಂದು, ಎರಡು ಎಂದು ಬರೆಯಬೇಕು. ಒಂದನೇ ಅಂಕಿಗಾಗಿ ಇಬ್ಬರೂ ಕಿತ್ತಾಡದಿರಲಿ ಎಂದು ಪಕ್ಷ ಊರನ್ನೇ ಪಾಲು ಮಾಡಿತ್ತು: ನದಿಯಾಚೆ ಟೂಹಿಗೆ, ಈಚೆ ಎಥ್ನಾಳಿಗೆ. ಹೋದ ಸಲ ಅರವತ್ತು ಮತದಲ್ಲಿ ಸೋತವಳು ಅವಳು. ಪತ್ರ ಬಿದ್ದಿದ್ದು ಈಚೆ ದಡದ ಮನೆಗಳಿಗೇ; ಆ ದಡ ಕೈಬಿಟ್ಟರೆ ಈ ಸಲವೂ ಮನೆಯೇ ಗತಿ.

“ಟೂಹಿಯದೇ ಕಿತಾಪತಿ,” ಎಂದು ಹಲ್ಲು ಕಡಿದ ಫಿಂಟನ್. ಹನ್ನೊಂದು ವರ್ಷಗಳಿಂದ ಎಥ್ನಾಳ ಪ್ರಚಾರ ನೋಡಿಕೊಂಡವನು. “ಆದ್ರೂ ಸುಮ್ನಿರು. ಗಲಾಟೆ ಮಾಡಿದ್ರೆ ಪಕ್ಷದ ಮರ್ಯಾದೆ ಹೋಗತ್ತೆ.”

“ನಂದು ಹೋದ್ರೆ ಪರವಾಗಿಲ್ವಾ? ಬಿಡಲ್ಲ!”

ಎಥ್ನಾ ಕನ್ಸೆಪ್ಟಾಳನ್ನು ಕರೆಸಿದಳು. ಮೂವತ್ತು ವರ್ಷ ಈ ಬೀದಿಗಳಲ್ಲಿ ಅಂಚೆ ಹಂಚಿ ನಿವೃತ್ತಳಾದ ಹೆಂಗಸು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೂ ಅವಳಿಗೆ ಗೊತ್ತು. ಪತ್ರ ಯಾರ್ಯಾರಿಗೆ ಬಂದಿದೆ ಎಂದು ವಿಚಾರಿಸಲು ಬೆಳಿಗ್ಗೆ ಹೋದವಳು ಮಧ್ಯಾಹ್ನ ಬಂದು ಚಹಾ ಕೇಳಿದಳು.

“ಪತ್ರ ಎಲ್ಲರಿಗೂ ಬಂದಿಲ್ಲ ಕಣಮ್ಮಾ. ನಮ್ಮ ಪಕ್ಷದವರ ಮನೆ ಆರಿಸಿ ಹಾಕಿದಾರೆ.”

“ಯಾರು ಯಾವ ಪಕ್ಷ ಅಂತ ಊರಿಗೇ ಗೊತ್ತಲ್ಲ!” ಎಂದ ಫಿಂಟನ್.

“ಊರಿಗೆ ಗೊತ್ತಪ್ಪಾ. ಹಾಕಿದೋನಿಗೆ ಗೊತ್ತಿಲ್ಲ.”

“ಅಂದ್ರೆ?” ಎಥ್ನಾ ಮುಂದೆ ಬಾಗಿದಳು.

“ಚರ್ಚ್ ರಸ್ತೆಯ ಗೆರಟಿ ಅಜ್ಜಿಗೆ ಪತ್ರ ಬಂದಿದೆ. ಮೂರು ತಲೆಮಾರಿಂದ ಎದುರು ಪಕ್ಷ! ಪಕ್ಕದ ಡೂಲನ್‌ಗೆ ಬಂದಿಲ್ಲ. ಅವನು ನಮ್ಮ ಪಕ್ಷಕ್ಕೆ ಪ್ರಾಣ ಬಿಡೋನು.”

“ಟೂಹಿಯ ಹುಡುಗರು ಆಚೆ ದಡದವರು. ತಪ್ಪಿರ್ತಾರೆ,” ಎಂದ ಫಿಂಟನ್.

“ಯಾರನ್ನ ಕೇಳಿದ್ರೂ ಸರಿಯಾಗೇ ಹೇಳ್ತಿದ್ರು. ಇದು ಬರೆದಿಟ್ಟ ತಪ್ಪು. ಮನೆಮನೆ ತಿರುಗಿ ಯಾರು ಯಾವ ಪಕ್ಷ ಅಂತ ಗುರುತು ಹಾಕೋ ಪುಸ್ತಕ ಇದೆಯಲ್ಲ — ಚರ್ಚ್ ರಸ್ತೆಗೆ ಹೋಗಿದ್ದು ಯಾರು?”

ಎಥ್ನಾ ನಿಧಾನವಾಗಿ ತಿರುಗಿದಳು. “ಫಿಂಟನ್. ಒಬ್ಬನೇ. ಆ ಪುಸ್ತಕ ಇನ್ನೂ ಅವನ ಚೀಲದಿಂದ ಆಚೆ ಬಂದಿಲ್ಲ.”

“ಗೆರಟಿ ಅಜ್ಜಿ ಬಾಗಿಲಿಗೆ ಬಂದೋರಿಗೆಲ್ಲ ‘ನಿಮಗೇ ಹಾಕ್ತೀನಿ’ ಅಂತಾಳೆ. ಡೂಲನ್ ಊಟಕ್ಕೆ ಕೂತಾಗ ಯಾರು ಬಾಗಿಲು ತಟ್ಟಿದ್ರೂ ಬೈದು ಕಳಿಸ್ತಾನೆ. ನೀನು ಎರಡನ್ನೂ ನಂಬಿದೆ ಫಿಂಟನ್. ತೆಗಿ ಪುಸ್ತಕ!” ಎಂದಳು ಕನ್ಸೆಪ್ಟಾ.

ಎಥ್ನಾ ತಾನೇ ಚೀಲಕ್ಕೆ ಕೈಹಾಕಿದಳು. ಗೆರಟಿ — ನಮ್ಮವರು. ಡೂಲನ್ — ಎದುರು ಪಕ್ಷ.

ಫಿಂಟನ್ ಕುರ್ಚಿಯಲ್ಲಿ ಕುಸಿದ. “ಎರಡೂ ಸೀಟು ಬರ್ಲಿ ಅಂತ ಮಾಡಿದ್ದು. ನಿನ್ನ ಹತ್ರ ಹೆಚ್ಚಿಗೆ ಮತ ಇದ್ವು... ಟೂಹಿ ಗೆದ್ರೆ ಮಂತ್ರಿ. ನಂಗೂ ಅವನ ಕಚೇರೀಲಿ...”

“ಹೆಚ್ಚಿಗೆ? ಒಂದೊಂದೂ ಮನೆ ಬಾಗಿಲಲ್ಲಿ ನಿಂತು ಕೇಳಿ ಪಡೆದಿದ್ದು ಕಣೋ!”

ಹನ್ನೊಂದು ವರ್ಷ ಅಣ್ಣನಂತೆ ನಂಬಿದ್ದಳು. ಅವನೆದುರು ಅಳುವ ಮನಸ್ಸಾಗಲಿಲ್ಲ. ಕೋಟು ತೊಟ್ಟಳು.

“ಎಷ್ಟು ಮನೆಗೆ ಹಾಕಿದೀಯ?”

“ನಾನೂರು.”

“ಏಳು. ನಾನೂರು ಮನೆಗೂ ನನ್ನ ಜೊತೆ ಬರ್ತೀಯ.”

ಮೊದಲ ಮನೆಯಲ್ಲಿ ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳು. ಫಿಂಟನ್ ಬೂಟು ನೋಡುತ್ತ, “ಆ ಪತ್ರ ಸುಳ್ಳಮ್ಮಾ,” ಎಂದು ಗೊಣಗಿದ.

“ಬರೆದಿದ್ದು ಯಾರು ಅಂತಲೂ ಹೇಳು,” ಎಂದಳು ಎಥ್ನಾ. “ಗಟ್ಟಿಯಾಗಿ!”