ಕಂಕುಳಲ್ಲಿ ತುಂಡಾದ ನರ

ಈಗ ನಾನೇ ಅಂಗರಚನೆ ಕಲಿಸುತ್ತೇನೆ. ಕಂಕುಳಿನ ಪಾಠವನ್ನು ಮಾತ್ರ ಏನಾದರೂ ನೆಪ ಹೇಳಿ ಬೇರೆಯವರಿಗೆ ಬಿಟ್ಟುಕೊಡುತ್ತೇನೆ.

ವೈದ್ಯಕೀಯದ ಮೊದಲ ವರ್ಷ ನನಗೂ ನನ್ನ ಗೆಳತಿಗೂ ಒಂದೇ ಮೇಜು. ಅದರ ಮೇಲಿದ್ದ ಮುದುಕಿಯ ಶವವನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ಅಜ್ಜಿಯ ಎಡಗಂಕುಳನ್ನು ಕೊಯ್ದು ಬಿಡಿಸುವಾಗ, ತೆಗೆದುಹಾಕಬೇಕಾದ ರಕ್ತನಾಳವೆಂದು ತಿಳಿದು ಒಂದು ದಪ್ಪ ನರವನ್ನೇ ಕತ್ತರಿಸಿಬಿಟ್ಟೆ.

"ಈ ನರ ಹೋದ್ರೆ ಮಣಿಕಟ್ಟು ಜೋತುಬೀಳುತ್ತೆ, ಒಂದು ಬೆರಳು ಚಾಚೋಕೂ ಆಗಲ್ಲ," ಎಂದರು ಮೇಷ್ಟ್ರು. "ಯಾರಮ್ಮ ಈ ಘನಕಾರ್ಯ ಮಾಡಿದ್ದು?"

ನಾನು ಗೆಳತಿಯತ್ತ ಬೆರಳು ತೋರಿಸಿದೆ. ಅವಳು ನನ್ನನ್ನೊಮ್ಮೆ ನೋಡಿ, ಕೈಗವಸು ಕಳಚಿಟ್ಟಳು. ಅವಳನ್ನು ಒಂದು ತಿಂಗಳು ಮೇಜಿನಿಂದ ಹೊರಗಿಟ್ಟರು.

ಮರುದಿನ ಬಟ್ಟೆ ಸರಿಸಿದಾಗ, ಸದಾ ಮುಷ್ಟಿ ಕಟ್ಟಿರುತ್ತಿದ್ದ ಅಜ್ಜಿಯ ಎಡಗೈಯಲ್ಲಿ ತೋರುಬೆರಳೊಂದೇ ನಾನು ನಿಲ್ಲುವ ಕಡೆಗೆ ಚಾಚಿತ್ತು.

"ಅಜ್ಜಿಗೆ ಯಾರ ಮೇಲೋ ದೂರಿರ್ಬೇಕು ಕಣಮ್ಮಾ," ಎಂದು ಅಟೆಂಡರ್ ನಕ್ಕ. "ಬೆಳಿಗ್ಗೆಯಿಂದ ಮೂರು ಸಲ ಮಡಚಿದೀನಿ."

ನಾನೂ ಮಡಚಿದೆ. ಇಡೀ ಕೈ ತಣ್ಣಗಿತ್ತು, ಆ ಬೆರಳು ಮಾತ್ರ ಬೆಚ್ಚಗಿತ್ತು. ಕಂಕುಳಲ್ಲಿ ನರ ಎರಡು ತುಂಡಾಗಿಯೇ ಇತ್ತು.

ಮಾರನೆಯ ದಿನ ಮೇಜಿನ ಬಲಬದಿಗೆ ಹೋಗಿ ನಿಂತೆ. ಎಡಗೈ ಮತ್ತೆ ಮುಷ್ಟಿ ಕಟ್ಟಿತ್ತು. ಯಾರೂ ಇನ್ನೂ ಮುಟ್ಟಿರದ ಬಲಗೈಯ ತೋರುಬೆರಳು ನನ್ನತ್ತ ಚಾಚಿತ್ತು.

ಆಗಲಾದರೂ ಮೇಷ್ಟ್ರ ಬಳಿ ಹೋಗಿ ನಿಜ ಹೇಳಬಹುದಿತ್ತು. ನಾನು ಬಲಗಂಕುಳನ್ನು ಬಿಡಿಸಿ, ಅದೇ ನರವನ್ನು ಹುಡುಕಿ, ಈ ಸಲ ಬೇಕೆಂದೇ ಕತ್ತರಿಸಿದೆ.

ಬೆರಳು ಬಾಗಲಿಲ್ಲ.